ಎಂಟನೆಯ ರಾಜೀನಾಮೆ

ಹಳಿಯಾಳದಿಂದ ದಾಂಡೇಲಿಗೆ ಬರುವ ಬಸ್ಸಿನವರು ಪೇಪರ್ ಮಿಲ್ಲಿನ ಚಿಮಣಿ ಕಂಡರೆ ಊರು ಬಂತು ಅಂತ ಚೀಲ ಎತ್ತಿಕೊಳ್ಳುತ್ತಾರೆ. ಅದಕ್ಕಿಂತ ಮೊದಲೇ ರಸ್ತೆಯ ಪಕ್ಕ ಒಂದು ತಗಡಿನ ಛಾವಣಿ ಸಿಗುತ್ತದೆ. ಅದು ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ. ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಮ್ಮ ಮುದಕಪ್ಪ ನವಲಗುಂದದ ಕಡೆಯಿಂದ ಬಂದು ಮೂವತ್ತೊಂದು ವರ್ಷದಿಂದ ದುಡಿಯುತ್ತಿರುವುದು ಅಲ್ಲೇ. ರಟ್ಟು ಕತ್ತರಿಸುವ ಮಶೀನಿನ ಮುಂದೆ ಅರ್ಧ ಆಯುಷ್ಯ ಕಳೆದ, ಉಳಿದರ್ಧವನ್ನು ಕಾರ್ಮಿಕ ಸಂಘದ ವಿರೋಧ ಪಕ್ಷದಲ್ಲಿ ಕಳೆದ.

ಸಂಘದ ನಿಯಮದ ಪುಸ್ತಕದಲ್ಲಿ ವಿರೋಧ ಪಕ್ಷ ಅಂತ ಏನೂ ಇಲ್ಲ, ನಿಜ. ಆದರೆ ಹದಿನೈದು ಜನರ ಸಮಿತಿಯಲ್ಲಿ ಅಧ್ಯಕ್ಷ ಉದಯಕುಮಾರ ಮೇಜಿನ ಆ ತುದಿಗೆ ಕುಳಿತರೆ ಮುದಕಪ್ಪ ಈ ತುದಿಗೇ ಕೂರಬೇಕು. ಎರಡು ವರ್ಷದಿಂದ ಸರ್ವಸಾಧಾರಣ ಸಭೆ ಕರೆದಿಲ್ಲ ಯಾಕೆ ಅಂತ ಅವನೇ ಕೇಳಬೇಕು. ಬಾಗಿಲು ಹಾಕಿಕೊಂಡು ಮಾಲೀಕರ ಜೊತೆ ಮಾತಾಡಿದ್ದೇನು ಅಂತಲೂ ಅವನೇ ಕೇಳಬೇಕು. ನಾಲ್ಕು ಸಲ ಅಧ್ಯಕ್ಷಗಿರಿಗೆ ನಿಂತ, ನಾಲ್ಕೂ ಸಲ ಸೋತ. ಹೋದ ಸಲ ಮೂವತ್ತೊಂದೇ ಓಟಿನಲ್ಲಿ. ಅವನ ಹೆಂಡತಿ ಮಾಲವ್ವ ಓಣಿಯ ಹೆಂಗಸರ ಮುಂದೆ ಹೇಳುವುದುಂಟು: “ನಮ್ಮವರು ಹುಟ್ಟಿದ ಕೂಡ್ಲೆ ಅಳಲಿಲ್ಲಂತ್ರೆವ್ವಾ. ‘ನನ್ನ ವಿರೋಧ ಐತಿ, ಬರಕೋರಿ’ ಅಂದ್ರಂತ.”

ಇಂಥ ಮುದಕಪ್ಪನಿಗೆ ಈ ಮೇ ತಿಂಗಳಲ್ಲಿ ಕಾಲ ಕೂಡಿ ಬಂತು. ಕಾರ್ಯದರ್ಶಿ ಹುದ್ದೆ ತಪ್ಪಿದ ಸಿಟ್ಟಿಗೆ ಗೂಳಪ್ಪ ಎಂಬವನು ಉದಯಕುಮಾರನ ಗುಂಪು ಬಿಟ್ಟು ಈಚೆ ಬಂದ. ಒಂದು ಶನಿವಾರ ಗೇಟಿನ ಎದುರಿನ ಚಹಾದಂಗಡಿಯಲ್ಲಿ, ಮಡಚಿದ ಕಾಗದವೊಂದನ್ನು ಮುದಕಪ್ಪನ ಅಂಗಿ ಕಿಸೆಗೆ ತಾನೇ ತುರುಕಿದ.

“ತಗೋರಿ ಅಧ್ಯಕ್ಷರ, ನನ್ನ ರಾಜೀನಾಮಿ. ಆರು ನಿಮ್ಮ ಕೈಯಾಗ ಅದಾವ, ಇದು ಏಳನೇದು. ಎಂಟನೇದು ನಿಮ್ದು. ಹದಿನೈದರಾಗ ಎಂಟು ಬಿದ್ರ ಸಮಿತಿ ಬರಖಾಸ್ತು, ಇಲೆಕ್ಷನ್ ಪಕ್ಕಾ.”

“ಅಧ್ಯಕ್ಷ ಅನಬ್ಯಾಡೋ ಮಾರಾಯ, ಇನ್ನೂ ಆಗಿಲ್ಲ.”

“ಆದಂಗ ಬಿಡ್ರಿ. ಆದ್ರ ಸೋಮವಾರ ಸಂಜಿಯೊಳಗ ಆಫೀಸಿಗೆ ಮುಟ್ಟಬೇಕು. ಇಪ್ಪತ್ತೇಳಕ್ಕ ಬದಲಿ ಮಂದೀನ ಕಾಯಂ ಮಾಡೂ ಕರಾರಿಗೆ ಉದಯಕುಮಾರ ಸಹಿ ಹಾಕ್ತಾನ. ಹಾಕಿದಾ ಅಂದ್ರ ನಲವತ್ತೆರಡು ಹೊಸಾ ಓಟು ಅವನ ಚೀಲದಾಗ. ಆಮ್ಯಾಲೆ ನಾವು ಚಾ ಕುಡಕೋತ ಇಲ್ಲೇ ಕುಂದ್ರೂದು.”

ಬದಲಿ ಮಂದಿ ಅಂದರೆ ದಿನಾ ಮುಂಜಾನೆ ಗೇಟಿಗೆ ಬಂದು ನಿಲ್ಲುವವರು. ಒಳಗಿನವರು ಯಾರಾದರೂ ರಜೆ ಹಾಕಿದರೆ ಅವರ ಜಾಗಕ್ಕೆ ಒಬ್ಬರನ್ನು ಕರೆಯುತ್ತಾರೆ. ಕರೆಯದಿದ್ದರೆ ಬುತ್ತಿ ಹಿಡಿದು ಮನೆಗೆ ವಾಪಸು. ಇಪ್ಪತ್ತು ವರ್ಷ ಹಾಗೆ ನಿಂತವರಿದ್ದರು. ಅವರಿಗೆ ಸಂಘದಲ್ಲಿ ಓಟಿಲ್ಲ. ಸಮಿತಿ ಬಿದ್ದರೆ ಹೊಸ ಸಮಿತಿ ಬರುವ ತನಕ, ಅಂದರೆ ಮೂರು ತಿಂಗಳು, ಅವರ ಕರಾರಿಗೆ ಸಹಿ ಹಾಕುವವರೇ ಇರುವುದಿಲ್ಲ.

“ಮೂರು ತಿಂಗಳಾದ ಮ್ಯಾಲೆ ನಾವ ಹಾಕೂಣು,” ಅಂದ ಗೂಳಪ್ಪ. “ಅವರ ಕೈಯಾಗಿನ ಹಾರ ನಿಮ್ಮ ಕೊರಳಿಗೆ ಬೀಳ್ಲಿ.”

ಲೆಕ್ಕ ಸರಿಯಿತ್ತು. ಹದಿನೈದು ತಿಂಗಳಿಗೆ ಮುದಕಪ್ಪ ನಿವೃತ್ತ. ಈ ಸಲ ಗೆಲ್ಲದಿದ್ದರೆ ಇನ್ನು ಗೆಲ್ಲುವ ಮಾತೇ ಇಲ್ಲ. ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಎದೆ ಡವಡವ ಅನ್ನಬೇಕು, ಚಹಾ ಗಂಟಲಲ್ಲಿ ಇಳಿಯಬಾರದು. ಮುದಕಪ್ಪನಿಗೆ ಹಾಗೇನೂ ಆಗಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದವರ ಕಾಲಿಗೆ ಜೋಮು ಹಿಡಿಯುತ್ತದಲ್ಲ, ನೆಲ ತಾಗಿದ್ದೇ ಗೊತ್ತಾಗುವುದಿಲ್ಲವಲ್ಲ, ಒಳಗೆಲ್ಲ ಹಾಗಾಗಿತ್ತು. ಚಹಾ ಪೂರ್ತಿ ಕುಡಿದು ಮನೆಗೆ ಹೋದ.

ಮರುದಿನ ಭಾನುವಾರ ಮಧ್ಯಾಹ್ನ ಜಾಹೀದಾ ಬಂದಳು. ಡಬ್ಬಿಗೆ ಅಂಟು ಹಚ್ಚುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಬದಲಿ. ಚಪ್ಪಲಿ ಬಿಟ್ಟು ಒಳಗೆ ಬಂದು ಮಾಲವ್ವನ ಪಕ್ಕ ನೆಲದ ಮೇಲೆ ಕುಳಿತಳು.

“ಸಮಿತಿ ಬೀಳತೈತಂತ, ಹೌದೇನ್ರಿ ಅಣ್ಣಾರ?”

ಮುದಕಪ್ಪ ಕುಳಿತಲ್ಲೇ ಅವಳ ಕಡೆ ತಿರುಗಿದ.

“ಬಿದ್ರ ಕರಾರು ಆಗಸ್ಟಿಗೆ ಹೋಗತೈತಿ. ನಲವತ್ತೈದು ತುಂಬಿದವರನ್ನ ಕಾಯಂ ಮಾಡೂದಿಲ್ಲಂತ ಅದರಾಗ ಬರದೈತಿ. ನನಗ ಜೂನ್ ಒಂದಕ್ಕ ತುಂಬತಾವ.”

“ತುಂಬತಾವೇನ?”

“ನನಗೇನ್ ಗೊತ್ರಿ? ನೀವ ಬರದದ್ದು.”

ಮಾಲವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು.

ಹೌದು, ಅವನೇ ಬರೆದದ್ದು. ಹತ್ತೊಂಬತ್ತು ವರ್ಷದ ಹಿಂದೆ ಬದಲಿ ಮಂದಿಯ ಹೆಸರು ಬರೆಸಬೇಕಾಗಿ ಬಂದಾಗ, ಶಾಲೆಯ ಮುಖ ನೋಡದವರೆಲ್ಲ ಕ್ಯಾಂಟೀನಿನ ಬೆಂಚಿನ ಮುಂದೆ ಸಾಲುಗಟ್ಟಿದ್ದರು. ಕೈಬರಹ ಚಂದ ಎಂದು ಅರ್ಜಿ ತುಂಬಲು ಮುದಕಪ್ಪನನ್ನು ಕೂರಿಸಿದ್ದರು. ಹುಟ್ಟಿದ ದಿನ ಯಾರಿಗೆ ಗೊತ್ತು? ಶಾಲೆಯ ಮಾಸ್ತರರು ಎಲ್ಲ ಮಕ್ಕಳಿಗೂ ಬರೆಯುವ ಹಾಗೆ ಅವನೂ ಎಲ್ಲರಿಗೂ ಜೂನ್ ಒಂದು ಎಂದು ಬರೆದ. ವರ್ಷ ಕೇಳಿದರೆ ಜಾಹೀದಾ, “ನಮ್ಮ ಅಬ್ಬಾ ಸೂಪಾ ಡ್ಯಾಮಿನ ಕೆಲಸಕ್ಕ ಇದ್ದಾಗ ಹುಟ್ಟೇನಂತ್ರಿ” ಅಂದಿದ್ದಳು. ಡ್ಯಾಮಿನ ಕೆಲಸ ಹತ್ತಾರು ವರ್ಷ ನಡೆದಿತ್ತು. ಮುದಕಪ್ಪ ಅದರೊಳಗೆ ಒಂದು ವರ್ಷ ಹೆಕ್ಕಿದ. ಅವಳ ಹಿಂದೆ ನಿಂತಿದ್ದ, ಜೋಯಿಡಾ ಕಡೆಯ ನಾಲ್ವರೂ ಅದನ್ನೇ ಹೇಳಿದ್ದರಿಂದ ಅವರಿಗೂ ಅದೇ ವರ್ಷ ಹಾಕಿದ. ಐದು ಬೇರೆ ಬೇರೆ ತಾಯಂದಿರ ಮಕ್ಕಳು ಒಂದೇ ದಿನ ಹುಟ್ಟಿದರು. ಅವತ್ತು ಎಲ್ಲರೂ ನಕ್ಕಿದ್ದರು, ಮುದಕಪ್ಪನೂ ನಕ್ಕಿದ್ದ.

“ಅಂದಾಜಿಗೆ ಬರದದ್ದು ಅಂತ ಒಂದು ಚೀಟಿ ಕೊಡ್ರಿ,” ಅಂದಳು ಜಾಹೀದಾ. “ಆಫೀಸಿಗೆ ತೋರಿಸ್ತೇನಿ.”

“ಚೀಟಿ ನಡೆಯಂಗಿಲ್ಲ ತಂಗಿ. ಆಧಾರ ಕಾರ್ಡು, ರೇಶನ್ ಕಾರ್ಡು ಎಲ್ಲಾದ್ರಾಗೂ ಅದ ಹೋಗಿ ಕುಂತೈತಲ್ಲ.”

“ಏನ್ ಕೈ ಅದಾವ ನೋಡ ನಿಮ್ಮವು,” ಅಂದಳು ಮಾಲವ್ವ. “ಒಂದ್ ಸಲ ಬರದದ್ದು ಸರಕಾರಕ್ಕೂ ಅಳಸಾಕ ಬರೂದಿಲ್ಲ.”

ಜಾಹೀದಾ ನಕ್ಕಳು. ಚಹಾ ಕುಡಿದು ಎದ್ದು ನಿಂತಾಗ ಹೇಳಿದಳು: “ರಾಜೀನಾಮಿ ಬ್ಯಾಡ ಅನ್ನಾಕ ಬಂದಿಲ್ರಿ ನಾ. ಓಟಿಲ್ಲದವರು ಏನ್ ಅನ್ನೂದು? ಚೀಟಿ ಸಿಗತೈತೇನ ಅಂತ ಬಂದೆ. ಬರ್ತೇನ್ರಿ ಅಕ್ಕಾ.”

ಅವಳು ಹೋದ ಮೇಲೆ ಮುದಕಪ್ಪ ತನ್ನೊಳಗೆ ಕೈ ಹಾಕಿ ಹುಡುಕಿದ. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕುರ್ಚಿಯ ಆಸೆಯನ್ನಾದರೂ ಎಬ್ಬಿಸೋಣವೆಂದು ಉದಯಕುಮಾರನ ಮುಖ ಕಣ್ಣ ಮುಂದೆ ತಂದುಕೊಂಡ. ಬರೀ ಒಂದು ಮುಖ, ಮೀಸೆ ಇದ್ದದ್ದು. ಐವರು ಇನ್ನು ಮುಂದೆ ಗೇಟಿನ ಹೊರಗೇ ಉಳಿಯುತ್ತಾರೆ, ರಟ್ಟೆ ಸೋಲುವ ತನಕ. ತಾನು ಒಂದು ವರ್ಷ ಅಧ್ಯಕ್ಷನಾಗಿ ಶಾಲು ಹೊದೆಸಿಕೊಂಡು ಮನೆಗೆ ಬರುತ್ತಾನೆ. ಎರಡೂ ಯಾರೋ ದೂರದ ಮಂದಿಯ ಸುದ್ದಿಯಂತೆ ತೋರಿದವು.

“ಏನ್ ಮಾಡಾವ್ರು?” ಕೇಳಿದಳು ಮಾಲವ್ವ.

“ಗೊತ್ತಿಲ್ಲ.”

“ಏನ್ ಅನಸ್ತೈತಿ?”

“ಏನೂ ಅನಸವಲ್ದು.”

“ಹಂಗಾರ ಉಣ್ಣಾಕ ಏಳ್ರಿ.”

ಎದ್ದು ಉಂಡ. ಮಲಗಿದ. ನಿದ್ದೆಯೂ ಬಂತು.

ಸೋಮವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಸಂಘದ ಆಫೀಸಿನ ಮುಂದೆ ಕೂಡುವುದೆಂದು ಮಾತಾಗಿತ್ತು. ಮುದಕಪ್ಪ ಮೂರಕ್ಕೇ ತನ್ನ ಮಶೀನು ನಿಲ್ಲಿಸಿ, ಏಳು ಕಾಗದ ಹಿಡಿದು ಶೆಡ್ಡಿನೊಳಗೆ ನಡೆದ. ಯಾರ ರಾಜೀನಾಮೆ ಅವರ ಕೈಗೆ ಕೊಡುತ್ತ ಹೋದ. ಮೊದಲನೆಯವನು ಸಹಿ ತಪ್ಪಿದೆಯೇನೋ ಎಂದು ತಿರುವಿ ನೋಡಿದ. ಎರಡನೆಯವನು, “ಎಷ್ಟು ತಗೊಂಡ್ರಿ ಉದಯಕುಮಾರನ ಕಡಿಂದ?” ಎಂದು ಮುಖದ ಮೇಲೇ ಕೇಳಿದ. ಮುದಕಪ್ಪ ನಿಂತು ಕೇಳಿಸಿಕೊಂಡು ಮುಂದಿನವನ ಕಡೆಗೆ ಹೋದ. ಕೊನೆಗೆ ಸಿಕ್ಕವನು ಗೂಳಪ್ಪ.

“ಏನ್ರಿ ಇದು?”

“ನಿಂದು. ಇಟ್ಕೊ. ಜೂನ್ ಒಂದಕ್ಕ ನಲವತ್ತೈದು ತುಂಬೂ ಬದಲಿ ಮಂದಿ ಅದಾರ, ಮೊದಲ ಅವರ ಕರಾರು ಆಗ್ಲಿ. ಇಪ್ಪತ್ತೇಳು ದಾಟಿದ ಮ್ಯಾಲೆ ಕೊಡು. ನಾನೂ ಕೊಡ್ತೇನಿ.”

“ಆವಾಗ ಕೊಟ್ರ ಸೋಲ್ತೇವಿ!”

“ಹೂಂ, ಸೋಲ್ತೇವಿ.”

“ಅವನ ಮಾರಿಗೆ ಹೊಡದಂಗ ಹೇಳಿ ಈ ಕಡಿ ಬಂದೇನಲ್ರಿ ನಾನು! ಈಗ ಯಾರ ಬಾಜೂ ಕುಂದರ್ಲಿ? ಯಾರೋ ನಾಕ ಬದಲಿ ಹೆಣಮಕ್ಕಳ ಸಂಬಂಧ…”

“ಐದು ಮಂದಿ,” ಅಂದ ಮುದಕಪ್ಪ. “ಇಬ್ಬರು ಗಂಡಸರದಾರ.”

ಗೂಳಪ್ಪ ಕಾಗದವನ್ನು ಅಲ್ಲೇ ಹರಿದು ರದ್ದಿ ರಟ್ಟಿನ ಗುಡ್ಡೆಗೆ ಎಸೆದ. ಒಳ್ಳೆಯದು ಮಾಡಿದೆ ಎನ್ನುವ ಸಮಾಧಾನವಾದರೂ ಹುಟ್ಟೀತೇ ಎಂದು ಮುದಕಪ್ಪ ಒಂದು ಗಳಿಗೆ ಕಾದ. ಬರಲಿಲ್ಲ. ಮಶೀನು ಚಾಲೂ ಮಾಡಿದ.

ಇಪ್ಪತ್ತೇಳಕ್ಕೆ ಕರಾರಿಗೆ ಸಹಿ ಬಿತ್ತು. ಇಪ್ಪತ್ತೆಂಟಕ್ಕೆ ಮುದಕಪ್ಪ ಹೇಳಿದ ಹಾಗೆ ತನ್ನ ರಾಜೀನಾಮೆ ಕೊಟ್ಟ. ಉಳಿದ ಏಳರಲ್ಲಿ ಒಂದೂ ಬರಲಿಲ್ಲ. ಸೋಲಲಿಕ್ಕೆ ಯಾರು ಸಹಿ ಹಾಕುತ್ತಾರೆ? ಚುನಾವಣೆ ನಡೆಯಲಿಲ್ಲ. ಖಾಲಿಯಾದ ಒಂದು ಜಾಗಕ್ಕೆ ಉದಯಕುಮಾರ ತನ್ನವನನ್ನೇ ಕೂರಿಸಿದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಸಮಿತಿಯಲ್ಲಿ ಮುದಕಪ್ಪ ಇರಲಿಲ್ಲ.

ಜುಲೈನಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಜಾಹೀದಾ ಬುತ್ತಿ ತಂದು ಅವನೆದುರಿಗೆ ಕುಳಿತಳು. ಕೊರಳಲ್ಲಿ ಕಾಯಂ ಕೆಲಸದವರ ನೀಲಿ ಪಟ್ಟಿಯ ಕಾರ್ಡು.

“ಮುಂದಿನ ಸಲ ನನಗೂ ಓಟು ಬರತೈತ್ರಿ ಅಣ್ಣಾರ.”

“ಯಾರಿಗೆ ಹಾಕ್ತಿ?”

“ಉದಯಕುಮಾರ ಸಾಹೇಬರಿಗೆ. ಸುಳ್ಳ ಯಾಕ ಹೇಳ್ಲಿ? ಸಹಿ ಮಾಡಿದವರು ಅವರಲ್ರಿ.”

“ಬರೋಬರಿ,” ಅಂದ ಮುದಕಪ್ಪ.

ಅವಳು ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಪಲ್ಯ ಹಾಕಿ ಅವನ ಕಡೆ ಸರಿಸಿದಳು. ಮುದಕಪ್ಪ ರೊಟ್ಟಿ ಮುರಿದು ಅದ್ದಿ ತಿಂದ. ಖಾರ ಇದೆ ಎಂದು ಅವಳೇ ಹೇಳಿ ನೀರಿನ ಲೋಟ ಮುಂದೆ ಇಟ್ಟ ಮೇಲೆ ಕುಡಿದ.