ಕಾಲಡಿಯ ಚೆಂಡೆ

ನಾನು ಮೊದಲಿನಿಂದಲೂ ಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗಿ ಬಂದು ನೋಡುವವಳು. ಅಂಥವಳು ಕಾರಿನ ಬ್ಯಾಟರಿಗೇ ವಯರ್ ಕೊಟ್ಟು ಆಂಪ್ಲಿಫೈಯರ್ ಕೂರಿಸಲು ಹೊರಟದ್ದು ಅಪ್ಪನಿಗಾಗಿ.

ಪಣಂಬೂರಿನ ಬಂದರಿನಲ್ಲಿ ಜೀವಮಾನವಿಡೀ ಯಂತ್ರಗಳ ನಡುವೆ ದುಡಿದು ಅಪ್ಪನ ಕಿವಿ ಹೋಗಿತ್ತು. ಕಿವಿಗೆ ಮೆಷಿನ್ ಹಾಕಿದರೆ ಎಲ್ಲ ಸದ್ದೂ ಕಲಸಿಹೋಗುತ್ತದೆ ಎಂದು ತೆಗೆದಿಡುತ್ತಿದ್ದರು. ನಮ್ಮ ಮಾತು ಕೇಳದಿದ್ದರೆ ಅವರಿಗೇನೂ ಬೇಸರವಿರಲಿಲ್ಲ, ಒಂದು ಲೆಕ್ಕದಲ್ಲಿ ಆರಾಮವೇ. ಆದರೆ ಯಕ್ಷಗಾನವಿಲ್ಲದೆ ಬಾಡಿಹೋದರು. ಒಮ್ಮೆ ಮದುವೆ ಹಾಲ್‌ನಲ್ಲಿ ದೊಡ್ಡ ಸ್ಪೀಕರಿನ ಮೇಲೆ ಅಂಗೈಯಿಟ್ಟು, ಅದರ ನಡುಕ ಹಿಡಿಯುತ್ತ ಕಣ್ಣು ಮುಚ್ಚಿ ನಿಂತಿದ್ದರು. ಕಾರಿಗೆ ಅಂಥದ್ದೊಂದು ಬೇಕೆಂದು ನನಗೆ ಅಲ್ಲಿಯೇ ಅನಿಸಿತು.

ಅಂಗಡಿಯವನು ಹೇಳಿದ ರೇಟಿಗೆ ನಮ್ಮ ಹಳೆಯ ಕಾರನ್ನೇ ಮಾರಬೇಕಿತ್ತು. ದುಬೈಯಿಂದ ಭಾವ ಬಟ್ಟೆಗಳ ನಡುವೆ ಸುತ್ತಿ ತಂದ ಹಳೆಯ ಆಂಪ್ಲಿಫೈಯರ್, ಗುಜರಿಯ ಸ್ಪೀಕರ್, ಕಪಾಟು ಮಾಡಿ ಉಳಿದ ಪ್ಲೈವುಡ್ಡಿನ ಪೆಟ್ಟಿಗೆ, ಇಷ್ಟರಲ್ಲೇ ಕೆಲಸ ಮುಗಿಸಿದೆವು. ನಾನು ಫೋನಿನಲ್ಲಿ ವೀಡಿಯೊ ನೋಡಿ ಸನ್ನೆ ಮಾಡುವುದು, ಅಪ್ಪ ಸ್ಕ್ರೂ ತಿರುಗಿಸುವುದು. ಆಂಪ್ಲಿಫೈಯರ್ ಅವರ ಸೀಟಿನಡಿಗೆ, ಪೆಟ್ಟಿಗೆ ಅವರ ಕಾಲಡಿಗೆ, ಮ್ಯಾಟಿನ ಕೆಳಗೆ ವಯರು. ಬ್ಯಾಟರಿಯ ಹತ್ತಿರ ಗಾಜಿನ ಫ್ಯೂಸ್ ಹಾಕಿದೆ. ಏನಾದರೂ ಎಡವಟ್ಟಾದರೆ ಅದು ಸುಟ್ಟು ಕರೆಂಟು ನಿಲ್ಲುತ್ತದೆ ಎಂಬುದೇ ನನ್ನ ಧೈರ್ಯ.

ಒಂದು ಭಾನುವಾರ ಕೂಳೂರು ಸೇತುವೆಯಲ್ಲಿ ಟ್ರಾಫಿಕ್ ಜಾಮ್. ಮುಂದೆ ಗ್ಯಾಸ್ ಟ್ಯಾಂಕರ್, ಹಿಂದೆ ಬಸ್ಸು, ಕೆಳಗೆ ಹೊಳೆ. ಅಪ್ಪ ಚಪ್ಪಲಿ ಕಳಚಿ ಪೆಟ್ಟಿಗೆಯ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿದ್ದರು. ಯಕ್ಷಗಾನದ ಚೆಂಡೆಯ ಅಬ್ಬರಕ್ಕೆ ಕಾರಿನ ಗಾಜು ನಡುಗುತ್ತಿತ್ತು. ಆಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೊರಗಿನದಿರಬೇಕು ಎಂದುಕೊಂಡು ತಿರುಗಿದರೆ, ಅಪ್ಪನ ಸೀಟಿನಡಿಯಿಂದ ಹೊಗೆ.

"ಅಪ್ಪಾ, ಇಳಿಯಿರಿ!" ಎಂದು ಕಿರುಚಿದೆ. ಅವರು ಕಣ್ಣು ಬಿಡಲಿಲ್ಲ. ಮತ್ತೆ ಕಿರುಚಿದೆ. ಎದುರಿಗೇ ಗ್ಯಾಸ್ ಟ್ಯಾಂಕರ್. ಹೇಗೋ ಸ್ಟೀರಿಯೋದ ಬಟನ್ ಒತ್ತಿದೆ. ಚೆಂಡೆ ನಿಂತದ್ದೇ ಅಪ್ಪ ಕಣ್ಣು ಬಿಟ್ಟರು.

"ಎಂತ ಮಾರಾಯ್ತಿ, ನಿಂತಿತಲ್ಲ!" ಎಂದು ಬಟನ್ನಿಗೇ ಕೈ ಚಾಚಿದರು.

ಆ ಕೈಯನ್ನು ತಳ್ಳಿ ಅವರ ಸೀಟ್ ಬೆಲ್ಟ್ ಬಿಚ್ಚಿ ಬಾಗಿಲು ತೆರೆದು ಅವರನ್ನು ಹೊರಗೆ ನೂಕಿದೆ. ಬಾನೆಟ್ ಎತ್ತಿ, ದುಪಟ್ಟಾ ಸುತ್ತಿದ ಕೈಯಿಂದ ಬ್ಯಾಟರಿಯ ವಯರನ್ನು ಕಿತ್ತೆಳೆದೆ. ಹೊಗೆ ನಿಧಾನಕ್ಕೆ ತೆಳುವಾಯಿತು. ಫ್ಯೂಸ್ ಸುಟ್ಟೇ ಇತ್ತು. ಆದರೆ ಅದು ಸುಟ್ಟರೂ ಕರೆಂಟು ಹರಿಯುವಂತೆ, ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಯಾರೋ ತಾಮ್ರದ ತಂತಿ ಸುತ್ತಿದ್ದರು. ಮಳೆಗಾಲದಲ್ಲಿ ಮನೆಯ ಫ್ಯೂಸ್ ಹೋದಾಗಲೆಲ್ಲ, ಮತ್ತೆ ಹೋಗಬಾರದೆಂದು ಎಳೆ ಹೆಚ್ಚಿಸಿ ಸುತ್ತುತ್ತಿದ್ದ ಅಪ್ಪನ ಅದೇ ಕೈ.

ಅಪ್ಪ ಬರಿಗಾಲಲ್ಲಿ ಸೇತುವೆಯ ಅಂಚಿನಲ್ಲಿ ನಿಂತಿದ್ದರು. ಸೀಟಿನಡಿಯ ಬಿಸಿಗೆ ಹಿಮ್ಮಡಿ ಕೆಂಪಗಾಗಿತ್ತು. ಅವರ ಕಾಲನ್ನು ತೋರಿಸಿ, ತುಟಿ ಓದಲು ಸುಲಭವಾಗುವಂತೆ ನಿಧಾನವಾಗಿ ಕೇಳಿದೆ, "ಬಿಸಿ ಗೊತ್ತಾಗಲಿಲ್ವಾ?"

"ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ನನ್ನ ಮುಖ ನೋಡಲಿಲ್ಲ.

"ಹೇಳಿದ್ರೆ ನೀನು ಆಫ್ ಮಾಡ್ತಿದ್ದೆ."