ಕುರ್ಚಿ ಸರಿದ ನಾಲ್ಕು ಬೆರಳು

ನಮ್ಮ ನಾಟಕ ತಂಡದ ಸಾಮಾನು ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ಸಾಮಾನಪ್ಪ. ಕುರ್ಚಿ, ಮೇಜು, ಹೂದಾನಿ, ಸುಳ್ಳು ಕಿಟಕಿ, ಎಲ್ಲಕ್ಕೂ ಅವನೇ ಯಜಮಾನ. ರಂಗದ ಮೇಲೆ ಪ್ರತಿ ಕುರ್ಚಿಕಾಲಿಗೂ ಅವನ ಸೀಮೆಸುಣ್ಣದ ಗುರುತು. ಕಾಲು ಅದರಿಂದ ಕೂದಲೆಳೆಯಷ್ಟು ತಪ್ಪಿದರೂ ಮನೆಯಲ್ಲಿ ಮಲಗಿದ್ದವನಿಗೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಭೂಮಿ ಓರೆಯಾಗಿ ತಿರುಗುತ್ತಿರುವುದನ್ನು ಮೊದಲು ಕಂಡುಹಿಡಿದವನೂ ಅವನೇ ಎಂದು ಪರದೆ ಎಳೆಯುವ ನಾನು ಪ್ರಮಾಣ ಮಾಡಬಲ್ಲೆ.

ಅವನ ಹೆಂಡತಿಯೇ ನಮ್ಮ ನಾಯಕಿ. ನಾವಾಡುವುದು ಅರ್ಧ ಗಂಟೆಯ ಪ್ರೇಮ ನಾಟಕ. ಪ್ರತಿ ಸಂಜೆ ಗಂಡ ಜೋಡಿಸಿಟ್ಟ ಕುರ್ಚಿಯಲ್ಲಿ ಕೂತು ಇನ್ನೊಬ್ಬನನ್ನು ಪ್ರೀತಿಸುವುದು ಅವಳ ಕೆಲಸ. ಹನ್ನೊಂದು ವರ್ಷ ಅದು ಸಾಮಾನಪ್ಪನ ನಿದ್ದೆ ಕೆಡಿಸಿರಲಿಲ್ಲ.

ಕೆಡಿಸಿದ್ದು ಕುರ್ಚಿ. ಒಂದು ಸೋಮವಾರ ಆಟ ಮುಗಿದ ಮೇಲೆ ನೋಡುತ್ತಾನೆ, ಅವಳ ಕುರ್ಚಿ ನಾಯಕನ ಕಡೆ ಎರಡು ಬೆರಳು ಸರಿದಿದೆ. ಮಂಗಳವಾರ ಮೂರು. ಬುಧವಾರ ನಾಲ್ಕು.

"ಕುರ್ಚಿಗೆ ಕಾಲಿದೆಯಲ್ಲೋ, ನಡೆದಿರುತ್ತೆ," ಅಂದೆ.

"ಅದರ ಮೇಲೆ ಕೂತೋಳಿಗೂ ಇದೆ," ಅಂದ.

ಹೆಂಡತಿಯನ್ನು ಮಾತ್ರ ಕೇಳಲಿಲ್ಲ. ಪಕ್ಕದ ಪರದೆಯ ಮರೆಯಲ್ಲಿ ನಿಂತು ಕಾದ. ಪ್ರತಿ ಸಲ ನಾಯಕ ಬಾಯಿ ತೆರೆಯುವ ಮುಂಚೆ ಅವಳ ಕಿರುಬೆರಳು ಅವನ ಮಣಿಕಟ್ಟನ್ನು ಒತ್ತುತ್ತಿತ್ತು. ನಾಟಕದ ಪುಸ್ತಕದಲ್ಲಿ ಎಲ್ಲೂ ಇಲ್ಲದ ಒತ್ತು ಅದು. ಗುರುವಾರ ಸಾಮಾನಪ್ಪ ಅವಳದೂ ನಾಯಕನದೂ ಎರಡೂ ಕುರ್ಚಿಗಳನ್ನು ಹಳೆಯ ಗುರುತಿನ ಮೇಲಿಟ್ಟು ನೆಲದ ಹಲಗೆಗೆ ಮೊಳೆ ಹೊಡೆದ. ಅಷ್ಟು ಮೊಳೆಯಲ್ಲಿ ಒಂದು ಹಡಗು ಕಟ್ಟಬಹುದಿತ್ತು.

ಆ ಸಂಜೆ ಅವಳು ಕೂತಲ್ಲೇ ಕುರ್ಚಿ ಜಗ್ಗಿದಳು. ಅಲ್ಲಾಡಲಿಲ್ಲ. ಕತ್ತು ತಿರುಗಿಸಿ ಪರದೆಯ ಮರೆಯಲ್ಲಿದ್ದ ಗಂಡನನ್ನೇ ನೋಡಿದಳು. ಅವನು ಕೈಕಟ್ಟಿ ನಿಂತಿದ್ದ. ತನ್ನ ಮಾತು ಹೇಳಿದಳು. ನಾಯಕ ಸುಮ್ಮನೆ ಕೂತಿದ್ದ. ಇನ್ನೊಮ್ಮೆ ಹೇಳಿದಳು. ಅವನು ಅವಳ ತುಟಿಯನ್ನೇ ನೋಡುತ್ತ ಬೆವರಿದ. ಆ ಮೌನದಲ್ಲಿ ಮುಂದಿನ ಸಾಲಿನ ಗಂಡಸರಿಗೆ ಗಡ್ಡ ಬೆಳೆಯಿತು. ಕೊನೆಗೆ ಅವಳೇ ಎದ್ದು ಹೋಗಿ ಮಣಿಕಟ್ಟು ಒತ್ತಿದಳು. ಮಾತು ಹೊರಗೆ ಬಂತು. ಜನ ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಗಂಡನ ಎದುರು ನಿಂತಳು. "ಅವನಿಗೆ ದಿನದಿನಕ್ಕೂ ಕಿವಿ ಮಂದ ಆಗ್ತಿದೆ. ಮೊದಲು ಹತ್ತಿರ ಹೋಗಿ ಹೇಳ್ತಿದ್ದೆ, ಈಗ ಮಣಿಕಟ್ಟು ಒತ್ತಿ ಅವನ ಸರದಿ ಬಂತು ಅಂತ ತಿಳಿಸ್ತೀನಿ. ಮ್ಯಾನೇಜರಿಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ. ನಿಂಗೆ ಬಾಯಿತ್ತಲ್ಲ, ನನ್ನನ್ನ ಕೇಳೋಕೇನಾಗಿತ್ತು?"

ಶುಕ್ರವಾರ ಸಾಮಾನಪ್ಪ ಮೊಳೆಗಳನ್ನೆಲ್ಲ ಕಿತ್ತು, ತಾನೇ ಅವಳ ಕುರ್ಚಿಯನ್ನು ನಾಲ್ಕು ಬೆರಳು ಸರಿಸಿ ಹೊಸ ಗುರುತು ಹಾಕಿದ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೊನೆಯ ಮೊಳೆ ಕೈಜಾರಿ ಟಣ್ ಎಂದು ಬಿತ್ತು. ಆಚೆ ಬೆನ್ನು ಹಾಕಿ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ನಾಯಕ ತಟ್ಟನೆ ತಿರುಗಿದ.

"ಕನ್ನಡಿಯಲ್ಲಿ ಕಂಡಿರುತ್ತೆ ಮಾರಾಯ," ಅಂದೆ.

"ಇರಬಹುದು," ಎಂದು ಮೊಳೆಯನ್ನು ಜೇಬಿಗೆ ಹಾಕಿಕೊಂಡ.

ಈಗಲೂ ಅದು ಜೇಬಿನಲ್ಲೇ ಇದೆ. ನಾಯಕ ಬೆನ್ನು ಹಾಕಿದಾಗಲೆಲ್ಲ ಕೈಜಾರಿದಂತೆ ಬೀಳುತ್ತದೆ. ಅವನು ಒಮ್ಮೆ ತಿರುಗುತ್ತಾನೆ, ಒಮ್ಮೆ ತಿರುಗುವುದಿಲ್ಲ. ಆದರೆ ಮೊಳೆಯ ಸದ್ದು ಹೆಂಡತಿಯ ಕಿವಿಗೆ ಬಿದ್ದ ದಿನ, ಆಟ ಮುಗಿಯುವಷ್ಟರಲ್ಲಿ ಅವಳ ಕುರ್ಚಿ ಹೊಸ ಗುರುತನ್ನೂ ದಾಟಿ ಒಂದು ಬೆರಳು ಹೋಗಿರುತ್ತದೆ.