ಕೊಡೆ ಮೇಸ್ತ್ರಿಯ ಡ್ಯಾಶ್‌ಬೋರ್ಡು

ಕೊಡೆ ಮೇಸ್ತ್ರಿಯ ಮುತ್ತಜ್ಜ ಎಲ್ಲರೂ ಬೇಡವೆಂದ ಜಾಗದಲ್ಲೇ ಬಾವಿ ತೋಡಿಸಿದವನು. ಒಂದು ಹನಿ ನೀರು ಬೀಳಲಿಲ್ಲ. ‘ನೀರಿಗೆಂದು ಯಾರು ತೋಡಿಸಿದ್ದು?’ ಎಂದು ಅದರಲ್ಲಿ ಕಾಳು ತುಂಬಿಟ್ಟ. ಅಜ್ಜ ಬಡಗಿ; ತಾನು ಕೂರಿಸಿದ ಬಾಗಿಲು ವಾರೆಯಾದಾಗ ಬಾಗಿಲು ಮುಟ್ಟದೆ ಗೋಡೆಯನ್ನೇ ವಾರೆ ಮಾಡಿಸಿದ. ಅಪ್ಪ ಊರ ಗಡಿಯಾರಕ್ಕೆ ಕೀ ಕೊಡುತ್ತಿದ್ದವನು. ಗಡಿಯಾರ ಮುಂದೋಡಿದರೆ ‘ಸೂರ್ಯ ತಡ ಮಾಡಿದ್ದಾನೆ’ ಎನ್ನುತ್ತಿದ್ದ. ಇಂಥ ಬಳ್ಳಿಯಲ್ಲಿ ಬಿಟ್ಟ ಕಾಯಿ ಈ ಮೇಸ್ತ್ರಿ, ನಮ್ಮ ತಂಗಿಯ ಗಂಡ.

ಕೊಡೆ ಕಾರ್ಖಾನೆಯ ರಿಪೇರಿ ವಿಭಾಗ ಅವನ ಕೈಯಲ್ಲಿದೆ. ಆ ಕೋಣೆಯಲ್ಲಿ ಕಡ್ಡಿ ಮುರಿದ ಕೊಡೆಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತವೆ. ಒಂದೊಂದರ ಕುತ್ತಿಗೆಗೂ ಒಂದು ಚೀಟಿ; ಅದರ ಮೇಲೆ ತಿಂಗಳ ಹೆಸರು ಮಾತ್ರ. ವರ್ಷ ಬರೆಯುವ ಪದ್ಧತಿ ಅಲ್ಲಿಲ್ಲ. ಕೊಡೆ ಕೊಟ್ಟವರು ಮಳೆ ಹಿಡಿದರೆ ಓಡಿಬರುತ್ತಾರೆ, ವರ್ಷ ಕಟ್ಟಿಕೊಂಡು ಏನಾಗಬೇಕು ಎಂಬುದು ಮೇಸ್ತ್ರಿಯ ವಾದ.

ಈಚೆಗೆ ಮಾಲೀಕರು ಆಫೀಸಿಗೆ ಡ್ಯಾಶ್‌ಬೋರ್ಡ್ ತರಿಸಿ, ಹಳೆಯ ವರ್ಷಗಳ ರಶೀದಿಗಳನ್ನೆಲ್ಲ ಅದಕ್ಕೆ ಏರಿಸಿದರು. ಪ್ರತಿ ವಿಭಾಗದ ಕೆಲಸ ಕಂಪ್ಯೂಟರ್ ಪರದೆಯ ಮೇಲೆ ಒಂದೊಂದು ಕಂಬವಾಗಿ ನಿಲ್ಲುತ್ತದೆ. ಪಕ್ಕದ ಪಟ್ಟಿಯಲ್ಲಿ ವರ್ಷ, ತಿಂಗಳು ಆರಿಸಿಕೊಂಡರೆ ಅಷ್ಟರದ್ದೇ ಉಳಿಯುತ್ತದೆ. ಆಫೀಸಿನ ಲೆಕ್ಕ ಬರೆಯುವ ಲೆಕ್ಕದಮ್ಮ ಹೇಳಿಕೊಡಲು ಬಂದಾಗ ಮೇಸ್ತ್ರಿ ‘ಎಲ್ಲಾ ಗೊತ್ತು, ಹೋಗಮ್ಮ’ ಎಂದು ಸಾಗಹಾಕಿ, ಕೋಳಿ ಕಾಳು ಹೆಕ್ಕುವಂತೆ ಕುಕ್ಕಿ ಕುಕ್ಕಿ ತಾನೇ ಕಲಿತ.

ಅಷ್ಟರಲ್ಲಿ ಮಾಲೀಕರು ರಿಪೇರಿ ಕೋಣೆಯನ್ನು ಗೋದಾಮು ಮಾಡುವ ಮಾತೆತ್ತಿದರು. ಕೈತುಂಬ ಕೆಲಸವಿದೆ ಎಂದು ಪರದೆಯಲ್ಲಿ ಕಂಡರೆ ವಿಭಾಗ ಉಳಿಯುತ್ತದೆ, ಇಲ್ಲವಾದರೆ ಬೀಗ. ತೋರಿಸುವ ದಿನ ಮೇಸ್ತ್ರಿ ಎಲ್ಲರೆದುರು ಪರದೆಯ ಮುಂದೆ ಎದೆ ಸೆಟೆಸಿ ಕೂತ.

“ಹೋದ ಜುಲೈದು ತೋರ್ಸಿ,” ಎಂದರು ಮಾಲೀಕರು.

ಮೇಸ್ತ್ರಿ ಜುಲೈ ಒತ್ತಿದ. ರಿಪೇರಿಯ ಕಂಬ ಎದ್ದು ಪರದೆಯ ನೆತ್ತಿಗೆ ತಾಗಿತು.

“ಏನ್ ಮೇಸ್ತ್ರಿ, ಊರಲ್ಲಿರೋ ತಲೆಗಳಿಗಿಂತ ಕೊಡೆಗಳೇ ಜಾಸ್ತಿ ಆದ್ವಲ್ಲ.”

“ಜೋರು ಮಳೆ ಸ್ವಾಮಿ. ಒಂದು ಸಾಲ್ದೆ ಎರಡೆರಡು ಹಿಡ್ಕೊಂಡ್ರು.”

“ನಾವು ಮಾಡಿದ ಕೊಡೆಗಳಿಗಿಂತ ಮುರಿದದ್ದೇ ಹೆಚ್ಚಾ?”

“ಪಕ್ಕದೂರಿನವ್ರೂ ತಂದ್ರು.”

ಮಾಲೀಕರು ಹುಬ್ಬು ಗಂಟಿಕ್ಕಿದರು. “ಸುಳ್ಳು ಹೇಳೋ ವಿಭಾಗ ನಂಗೆ ಬೇಡ. ನಾಳೆಯಿಂದ ಬೀಗ.”

ಲೆಕ್ಕದಮ್ಮ ಮೆಲ್ಲಗೆ ಹೇಳಿದಳು: “ಮೇಸ್ತ್ರಿ, ವರ್ಷ ಆರಿಸಿಲ್ಲ ನೀವು. ಅಷ್ಟೂ ವರ್ಷದ ಜುಲೈಗಳು ಒಂದ್ರ ಮೇಲೊಂದು ಹತ್ತಿ ಕೂತಿವೆ.”

“ಗೊತ್ತಮ್ಮ. ದೊಡ್ಡದನ್ನ ಮೊದ್ಲು ತೋರಿಸ್ದೆ,” ಎಂದು ಮೇಸ್ತ್ರಿ ಹೋದ ವರ್ಷವನ್ನು ಒತ್ತಿದ.

ಕಂಬ ದುಡುಮ್ಮನೆ ಕುಸಿಯಿತು. ಕುಸಿದರೂ ನೆಲ ಕಚ್ಚಲಿಲ್ಲ. ಪಕ್ಕದ ಹಿಡಿ ಕೂರಿಸುವ ವಿಭಾಗದ ಭುಜಕ್ಕೆ ಭುಜ ಕೊಟ್ಟು ನಿಂತಿತು. ಮಾಲೀಕರು ಎರಡನ್ನೂ ಬೆರಳಿಟ್ಟು ಅಳೆದು ನೋಡಿದರು.

“ಸರಿ, ಕೆಲ್ಸ ಇದೆ, ಕೋಣೆ ಇರ್ಲಿ. ಆದ್ರೆ ಇನ್ಮೇಲೆ ಈ ಪರದೆ ಕೆಲ್ಸ ಲೆಕ್ಕದಮ್ಮ ನೋಡ್ಕೊಳ್ಳಲಿ. ನಿಮ್ಗೂ ಸಹಾಯ ಆಗುತ್ತೆ.”

ಲೆಕ್ಕದಮ್ಮ ಮೌಸಿಗೆ ಕೈ ಚಾಚಿದಳು. ಮೇಸ್ತ್ರಿ ಕೋಳಿಮರಿಯನ್ನು ಹದ್ದಿನಿಂದ ಕಾಯುವವನಂತೆ ಅದನ್ನು ಅಂಗೈಯಲ್ಲಿ ಕವುಚಿ ಹಿಡಿದ.

“ಕೋಣೆಗೆ ಬೇಕಾದ್ರೆ ಇವತ್ತೇ ಬೀಗ ಜಡೀರಿ ಸ್ವಾಮಿ, ಇದನ್ನ ಮಾತ್ರ ಬಿಡಲ್ಲ. ಜುಲೈ ಕಲ್ತಾಯ್ತು. ಉಳಿದ ತಿಂಗಳುಗಳನ್ನೂ ನಾನೇ ಕಲ್ತ್ಕೋತೀನಿ. ಕೈ ತೆಗಿಯಮ್ಮ.”